ಗಣಿತಕ್ಕೆ ಹೊಟ್ಟೆ ಕೆಟ್ಟ ಬೇಸಿಗೆ

ಇವತ್ತು ಬೆಳಿಗ್ಗೆ ಆಮ್ಲೆಟ್ ಮಾಡಲು ಹೋಗಿ ಮೊಟ್ಟೆಯನ್ನು ಕಾವಲಿಯ ಅಂಚಿಗೆ ಕುಟ್ಟಿದೆ. ಒಡೆಯಲಿಲ್ಲ. ಕಾವಲಿ ಎಲ್ಲಾದರೂ ನೆಗ್ಗಿತೋ ಅಂತ ಬಗ್ಗಿ ನೋಡಿದೆ. ಇನ್ನೊಂದು ಸಲ ಕುಟ್ಟೋಣ ಅಂತ ಕೈ ಎತ್ತುವಷ್ಟರಲ್ಲಿ ಜಗಲಿಯಲ್ಲಿ ಎಲೆ ಅಡಿಕೆಯ ಕವಳ ಕುಟ್ಟುತ್ತಾ ಕೂತಿದ್ದ ಅಜ್ಜಿ, ತಲೆ ಕೂಡ ಎತ್ತದೆ ಅಲ್ಲಿಂದಲೇ ಹೇಳಿದಳು.

"ಅದನ್ನ ಇಡು ತಂಗಿ. ಆ ಸದ್ದಿಂದು ಜುಲೇಖನ ಮನೇದು."

ನಮ್ಮ ಅಜ್ಜಿಗೆ ಕರೆಂಟ್ ಬಿಲ್ಲಿನವನು ಗೇಟಿಗೆ ನಿಂತು ಗಂಟಲು ಹರಿದುಕೊಂಡರೂ ಕೇಳುವುದಿಲ್ಲ. ಟಿವಿಯ ಸದ್ದನ್ನು ಅವಳು ಎಷ್ಟು ಏರಿಸುತ್ತಾಳೆ ಅಂದರೆ ಧಾರಾವಾಹಿಯ ಸೊಸೆ ಅತ್ತರೆ ನಮ್ಮೂರು ಮಂಕಿಯ ಬಸ್‌ಸ್ಟಾಪಿನಲ್ಲಿ ನಿಂತವರು ಕಣ್ಣೊರೆಸಿಕೊಳ್ಳಬೇಕು. ಆದರೆ ಅಡುಗೆಮನೆಯಲ್ಲಿ ಒಂದು ಮೊಟ್ಟೆಯ ಸದ್ದು ಕೇಳಿದರೆ ಅದರ ಚಿಪ್ಪು ಎಷ್ಟು ದಪ್ಪ, ಅದು ಯಾರ ಮನೆಗೆ ಹೋಗಬೇಕು ಎಂಬುದೆಲ್ಲ ಅವಳಿಗೆ ಗೊತ್ತಾಗುತ್ತದೆ. ನಾನು ಸ್ವಲ್ಪ ಹೆಚ್ಚು ಮಾಡಿ ಹೇಳುತ್ತೇನೆ ಅಂತ ಮನೆಯಲ್ಲಿ ನನ್ನ ಮೇಲೊಂದು ದೂರು ಇದೆ. ಇರಲಿ. ಮೊಟ್ಟೆಯ ಮಾತು ಮಾತ್ರ ನಿಜ. ಅದು ನಿಜವಾಗಬೇಕಾದರೆ ನಮ್ಮ ಮನೆಯಲ್ಲಿ ಒಂದು ಇಡೀ ಬೇಸಿಗೆ ಹಾಳಾಗಬೇಕಾಯಿತು. ಆಮ್ಲೆಟ್ ತಡವಾದರೂ ಅಡ್ಡಿಯಿಲ್ಲ, ಅದನ್ನೇ ಹೇಳುತ್ತೇನೆ.

ಅಜ್ಜಿ ಮೊದಲು ಮೀನು ಮಾರುತ್ತಿದ್ದಳು. ತಲೆ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದ ಕಾಲದವಳು. ಅವಳ ವ್ಯಾಪಾರಕ್ಕೆ ಇದ್ದದ್ದು ಒಂದೇ ಕಾನೂನು: ಒಳ್ಳೆಯದು ಗಿರಾಕಿಗೆ, ಬಾಲ ಮನೆಗೆ. ಹಾಗಾಗಿ ನಾನು ಸುಮಾರು ದೊಡ್ಡವಳಾಗುವವರೆಗೂ ಬಂಗಡೆ ಅಂದರೆ ತಲೆಯೇ ಇಲ್ಲದ, ಬರೀ ಬಾಲದ ಮೀನು ಅಂದುಕೊಂಡಿದ್ದೆ. ಶಾಲೆಯಲ್ಲಿ ಚಿತ್ರ ಬರೆಯಲು ಹೇಳಿದಾಗ ಹಾಗೇ ಬರೆದೆ. ಟೀಚರು ಇದು ಪೊರಕೆಯೋ ಅಂತ ಕೇಳಿದರು.

ಮಂಡಿನೋವು ಬಂದ ಮೇಲೆ ಬುಟ್ಟಿ ಅಟ್ಟ ಸೇರಿತು. ಸುಮ್ಮನೆ ಕೂತರೆ ಅಜ್ಜಿ ಮನೆಯವರನ್ನೆಲ್ಲ ಮಾರಿಬಿಟ್ಟಾಳು ಅಂತ ಹೆದರಿ ಅಪ್ಪ ಆರು ಹೆಣ್ಣು ಕೋಳಿಮರಿ ತಂದುಕೊಟ್ಟ. ಅಪ್ಪ ತದಡಿಯಲ್ಲಿ ಬೋಟಿನ ಕೆಲಸ ಮಾಡುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ನಾನಾಗ ಎಸ್ಸೆಸ್ಸೆಲ್ಸಿ. ಮರಿಗಳೂ ಆರು, ವಿಷಯಗಳೂ ಆರು. ಹೆಸರಿಡುವ ಕೆಲಸ ಸಲೀಸಾಯಿತು. ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ. ಕನ್ನಡ ಸಾಧು. ಇಂಗ್ಲಿಷ್‌ಗೆ ಜಂಬ. ಹಿಂದಿ ಯಾರು ಕರೆದರೂ ಬರುತ್ತಿತ್ತು. ಗಣಿತ ಮಾತ್ರ ನನ್ನನ್ನು ಕಂಡರೆ ಓಡುತ್ತಿತ್ತು, ನಾನೂ ಅದನ್ನು ಅಷ್ಟಕ್ಕಷ್ಟೇ ಇಟ್ಟಿದ್ದೆ. ಅಜ್ಜಿ ಸಂಜೆ ಗೂಡಿನ ಹತ್ತಿರ ನಿಂತು "ಗಣ್ತಾ, ಬಾ ಬಾ, ಇಜ್ಞಾನ ಎಲ್ಲಿ ಹೋತು?" ಅಂತ ಕರೆಯುವಾಗ ದಾರಿಯಲ್ಲಿ ಹೋಗುವವರು ನನ್ನ ಓದಿನ ಬಗ್ಗೆ ಅಜ್ಜಿಗೆ ಎಷ್ಟು ಕಾಳಜಿ ಅಂದುಕೊಳ್ಳುತ್ತಿದ್ದರು.

ಕೋಳಿ ಇನ್ನೂ ಮೊಟ್ಟೆ ಇಡುವ ಮೊದಲೇ ಅಜ್ಜಿ ಮಾತು ಕೊಟ್ಟು ಬಂದಿದ್ದಳು. ನಮ್ಮ ಮನೆಯಿಂದ ಕೂಗಳತೆಯಲ್ಲಿ ಜುಲೇಖಕ್ಕನ ಮನೆ. ಅಜ್ಜಿಯ ಹಳೇ ಗಿರಾಕಿ. ಅವರು ಮನೆಯೊಳಗೆ ನವಾಯತಿ ಮಾತಾಡುತ್ತಾರೆ, ಅಜ್ಜಿಯ ಹತ್ತಿರ ಕನ್ನಡ, ಮೀನಿನ ರೇಟಿಗೆ ಜಗಳ ಮಾಡುವಾಗ ಇಬ್ಬರೂ ಕೊಂಕಣಿ. ಅವರ ಮಗಳು ಸಮೀನಾ ಚೊಚ್ಚಲ ಹೆರಿಗೆಗೆ ಭಟ್ಕಳದಿಂದ ತವರಿಗೆ ಬಂದಿದ್ದಳು. ಅಜ್ಜಿ ಅವಳ ಹೊಟ್ಟೆ ನೋಡಿ ಬಂದವಳೇ ಘೋಷಿಸಿದಳು.

"ಬಾಣಂತಿಗೆ ಮೊಟ್ಟೆ ನಂದು ಅಂತ ಹೇಳಿ ಬಂದೆ. ಅಂಗಡಿ ಮೊಟ್ಟೆ ಮನೆಗೆ ತರ್ಬೇಡ ಅಂದೆ."

"ಕೋಳಿ ಇನ್ನೂ ಒಂದೂ ಇಟ್ಟಿಲ್ಲ ಅತ್ತೆ," ಅಂದಳು ಅಮ್ಮ.

"ಬೋಟು ಬರೂದ್ರೊಳಗೆ ಮೀನು ಮಾರಿದವಳು ನಾನು. ನೀ ಸುಮ್ನಿರು."

ಹಾಗೆ ಮಾತು ಮುಂದೆ ಹೋಯಿತು, ಮೊಟ್ಟೆ ಹಿಂದೆ ಬಂತು. ಮೊದಲು ಇಟ್ಟದ್ದು ಹಿಂದಿ. ಅಜ್ಜಿ ಅದನ್ನು ಎತ್ತಿಕೊಂಡಳು, ಬೆರಳು ಒಳಗೇ ಹೋಯಿತು. ಚಿಪ್ಪು ಹಾಲಿನ ಕೆನೆಯ ಹಾಗಿತ್ತು. ಮರುದಿನ ಕನ್ನಡ ಇಟ್ಟದ್ದು ಇನ್ನೂ ಅಂದ. ಅದಕ್ಕೆ ಚಿಪ್ಪೇ ಇರಲಿಲ್ಲ, ಬರೀ ಪೊರೆ. ಕೈಯಲ್ಲಿ ಹಿಡಿದರೆ ನೀರು ತುಂಬಿದ ಬಲೂನಿನ ಹಾಗೆ ಜೋತುಬೀಳುತ್ತಿತ್ತು. ನಾನು ಅದನ್ನು ಕೈಯಿಂದ ಕೈಗೆ ಹಾರಿಸಿ ಆಡಿದೆ. ಅದು ಅಮ್ಮನ ಸೀರೆಯ ಮೇಲೆ ಮುಗಿಯಿತು.

ಅಜ್ಜಿಯ ಕಾನೂನಿನ ಪ್ರಕಾರ ಕೆಟ್ಟದ್ದು ಮನೆಗೆ. ಎಲ್ಲವೂ ಕೆಟ್ಟದ್ದೇ ಆದ್ದರಿಂದ ಎಲ್ಲವೂ ಮನೆಗೆ. ಬೆಳಿಗ್ಗೆ ಆಮ್ಲೆಟ್, ಮಧ್ಯಾಹ್ನ ಮೊಟ್ಟೆ ಪಲ್ಯ, ರಾತ್ರಿ ಮೊಟ್ಟೆ ಸಾರು. ನನ್ನ ಬೆವರು ಕೂಡ ಮೊಟ್ಟೆ ವಾಸನೆ ಬರುತ್ತಿದೆ ಅಂತ ಪಕ್ಕದ ಬೆಂಚಿನ ಹುಡುಗಿ ಹೇಳಿದಳು. ಇದನ್ನು ನಾನು ಸೇರಿಸಿದ್ದಲ್ಲ, ಅವಳೇ ಹೇಳಿದ್ದು.

ಅಷ್ಟರಲ್ಲಿ ಸಮೀನಾಗೆ ಗಂಡುಮಗು ಆಯಿತು. ಅಜ್ಜಿ ಇದ್ದುದರಲ್ಲೇ ಗಟ್ಟಿ ಅನ್ನಿಸಿದ ಮೊಟ್ಟೆಗಳನ್ನು ಆರಿಸಿ, ಬುಟ್ಟಿಗೆ ಭತ್ತದ ಹೊಟ್ಟು ಹಾಕಿ, ಅದರಲ್ಲಿ ಹೂತು, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೊರಟಳು. ಜೊತೆಗೆ ನಾನು. ಜುಲೇಖಕ್ಕನ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿದಾಗ ಅಡಿಯಿಂದ ಹಳದಿ ಸೋರುತ್ತಿತ್ತು. ಜುಲೇಖಕ್ಕ ನೋಡಿದರು. ಬುಟ್ಟಿ ಒಳಗೆ ತೆಗೆದುಕೊಂಡು ಹೋಗಿ, ತೊಳೆದು, ಅದರಲ್ಲಿ ಬಾಳೆಹಣ್ಣು ಇಟ್ಟು ತಂದುಕೊಟ್ಟರು. ಅಜ್ಜಿಗೆ ಬಂಗಡೆಯ ಬೆಲೆಗೆ ಬೈಗುಳ ತಿಂದು ಅಭ್ಯಾಸ. ಬಾಳೆಹಣ್ಣು ಅಭ್ಯಾಸ ಇರಲಿಲ್ಲ.

ಆಮೇಲೊಂದು ಸಂಜೆ ಜುಲೇಖಕ್ಕ ಪೇಟೆಯಿಂದ ಬರುತ್ತಿದ್ದರು. ನಮ್ಮ ಗೇಟು ಹತ್ತಿರವಾದಾಗ ಕೈಚೀಲವನ್ನು ಈ ಕಡೆಯಿಂದ ಆ ಕಡೆಗೆ ಬದಲಾಯಿಸಿ, ಅದರ ಮೇಲೆ ಸೆರಗು ಎಳೆದುಕೊಂಡರು. ಸೆರಗಿನ ಕೆಳಗಿಂದ ಬೂದು ಬಣ್ಣದ ಮೊಟ್ಟೆ ಟ್ರೇಯ ಮೂಲೆ ಇಣುಕುತ್ತಿತ್ತು. ಅಜ್ಜಿ ಜಗಲಿಯಲ್ಲಿದ್ದಳು. ಅಲ್ಲಿಂದ ಮುಂದೆ ಅವಳು ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಳು. ಅಂಗಡಿಗೆ ಹೋಗಬೇಕಾದರೆ ಮನೆ ಹಿಂದಿನ ನೀರಿನ ತೋಡು ದಾಟಿ, ನೋಯುವ ಮಂಡಿ ಹಿಡಿದುಕೊಂಡು ಸುತ್ತಿ ಹೋಗುತ್ತಿದ್ದಳು. ಎಂತಕ್ಕೆ ಅಂತ ಕೇಳಿದರೆ "ಆ ಬದಿ ಗಾಳಿ ಚಲೋ ಬತ್ತದೆ" ಅನ್ನುತ್ತಿದ್ದಳು. ಆ ಬದಿಯಲ್ಲಿ ಇದ್ದದ್ದು ಮೀನು ಗೊಬ್ಬರದ ಗುಂಡಿ.

ನನಗೆ ಓದುವ ರಜೆ. ಓದುವುದೊಂದು ಬಿಟ್ಟು ಬೇರೆ ಯಾವ ಕೆಲಸ ಹೇಳಿದರೂ ಮಾಡುವ ಉತ್ಸಾಹ. ಕನ್ನಡದ ಒಂದು ಮೊಟ್ಟೆಯನ್ನು ಲೋಟದಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಎಲ್ಲೋ ದನ ನೋಡಲು ಹೋಗಿದ್ದರು. ಕಿಟಕಿಯಲ್ಲಿದ್ದವರು ಲೋಟದೊಳಗೆ ಬಗ್ಗಿ ನೋಡಿ, "ಸುಣ್ಣದ ಅಂಶ ಕಮ್ಮಿ ಆಗಿದೆ. ಡಾಕ್ಟ್ರು ಬಂದ್ಮೇಲೆ ಕೇಳಿ" ಅಂದರು. ನಾನು ಮನೆಗೆ ಬಂದು, ರಾತ್ರಿ ಊಟಕ್ಕೆ ಕೂತಾಗ, ಎಲ್ಲರಿಗೂ ಕೇಳುವ ಹಾಗೆ ವರದಿ ಒಪ್ಪಿಸಿದೆ. ಅಪ್ಪನೂ ಅವತ್ತು ಊರಲ್ಲಿದ್ದ.

"ಕೋಳಿಗೆ ಸುಣ್ಣ ಸಾಲೂದಿಲ್ಲಂತೆ."

ಅಜ್ಜಿ ಅನ್ನ ಕಲಸುವುದನ್ನು ನಿಲ್ಲಿಸಿ ನಮ್ಮನ್ನೆಲ್ಲ ಒಮ್ಮೆ ನೋಡಿದಳು. "ಆತು. ನಾ ನೋಡ್ಕಂತೆ. ನನ್ನ ಕೋಳಿಗೆ ನೀವ್ಯಾರೂ ಎಂತದೂ ಹಾಕೂಕಿಲ್ಲ."

ಎಲ್ಲರೂ ತಲೆಯಾಡಿಸಿದೆವು. ಈ ತಲೆಯಾಡಿಸುವುದು ನಮ್ಮ ಮನೆತನದ ರೋಗ. ಹೂಂ ಅಂತ ಆಡಿಸಿ, ಎದ್ದು ಹೋಗಿ, ನಮಗೆ ಸರಿ ಕಂಡದ್ದನ್ನೇ ಮಾಡುತ್ತೇವೆ. ಸುಣ್ಣ ಅನ್ನುವ ಆ ಒಂದು ಮಾತು ಅವತ್ತು ರಾತ್ರಿ ನಾಲ್ಕು ತಲೆಯೊಳಗೆ ಹೋಗಿ ನಾಲ್ಕು ಬೇರೆ ಬೇರೆ ವಸ್ತುವಾಯಿತು.

ಅಜ್ಜಿಗೆ ಸುಣ್ಣ ಅಂದರೆ ಸುಣ್ಣ. ಕವಳದ ಡಬ್ಬಿಯಲ್ಲಿರುವುದು. ಇದಕ್ಕಿಂತ ಸ್ಪಷ್ಟ ಇನ್ನೇನು? ಎಲೆಗೆ ಬಳಿಯುವ ಹಾಗೆ ಬೆರಳ ತುದಿಯಲ್ಲಿ ತೆಗೆದು ನುಚ್ಚಿನ ಗಂಜಿಗೆ ಕಲಸಿ ಹಾಕಲು ಶುರು ಮಾಡಿದಳು. ಎಲೆ ಅಡಿಕೆ ಇಲ್ಲದೆ ಬರೀ ಸುಣ್ಣ ತಿಂದರೆ ಬಾಯಿ ಸುಡುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕೋಳಿಗೆ ನಾಲಿಗೆ ಎಲ್ಲಿದೆ ಅಂತ ಅವಳ ವಾದ. ಕೋಳಿಗೆ ನಾಲಿಗೆ ಇದೆ. ನಾನು ಆಮೇಲೆ ಗಣಿತದ ಬಾಯಿ ತೆರೆದು ನೋಡಿದ್ದೇನೆ.

ಅಮ್ಮನಿಗೆ ಸುಣ್ಣ ಅಂದರೆ ತನ್ನ ಸೊಂಟನೋವಿಗೆ ಡಾಕ್ಟರು ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆ. ಅದನ್ನು ಅವಳು ನುಂಗಿದ್ದಕ್ಕಿಂತ ಮರೆತದ್ದೇ ಹೆಚ್ಚು. ಪುಡಿ ಮಾಡಿ, ಹುಳಿ ಬಂದ ದೋಸೆ ಹಿಟ್ಟಿಗೆ ಬೆರೆಸಿ, ಅಜ್ಜಿ ಮಲಗಿದ ಹೊತ್ತು ನೋಡಿ ಗೂಡಿನೊಳಗೆ ಇಟ್ಟು ಬರುತ್ತಿದ್ದಳು.

ಅಪ್ಪ ಇನ್ನೂ ಆಳವಾಗಿ ಯೋಚಿಸಿದ. ಸುಣ್ಣ ಅಂದರೆ ಎಲುಬು, ಎಲುಬು ಅಂದರೆ ಮೀನಿನ ಮುಳ್ಳು. ತದಡಿಯಿಂದ ಬರುವಾಗ ಒಣಮೀನಿನ ತಲೆ ಒಂದು ಚೀಲ ತಂದು, ಬೋಟಿನ ಹಗ್ಗದ ಹಿಂದೆ ಬಚ್ಚಿಟ್ಟು, ಬೀಡಿ ಸೇದುವ ನೆವದಲ್ಲಿ ಗೂಡಿನ ಬಲೆಯ ತೂತಿನಿಂದ ಒಂದೊಂದೇ ಒಳಗೆ ಬಿಡುತ್ತಿದ್ದ. ನಮ್ಮ ಕಡೆಯ ಒಣಮೀನಿನಲ್ಲಿ ಮೀನಿಗಿಂತ ಉಪ್ಪು ಜಾಸ್ತಿ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ.

ನಾನು ವಿಜ್ಞಾನದ ವಿದ್ಯಾರ್ಥಿನಿ. ಹಾಲಿನಲ್ಲಿ ಸುಣ್ಣದ ಅಂಶ ಇದೆ ಅಂತ ಪುಸ್ತಕದಲ್ಲೇ ಇದೆ. ಪರೀಕ್ಷೆಗೆ ಓದುವ ಹುಡುಗಿಗೆ ಶಕ್ತಿ ಬರಲಿ ಅಂತ ಅಮ್ಮ ದಿನಾ ಸಂಜೆ ದೊಡ್ಡ ಲೋಟದಲ್ಲಿ ಪುಡಿ ಹಾಕಿದ ಹಾಲು ಕೊಡುತ್ತಿದ್ದಳು. ಆ ಹಾಲಿನ ರುಚಿ ಹಳೇ ಗೋಣಿಚೀಲವನ್ನು ಸಕ್ಕರೆಯಲ್ಲಿ ಅದ್ದಿದ ಹಾಗೆ. ಕೋಳಿಗೆ ಉಪಕಾರ, ಲೋಟದ ವಿಲೇವಾರಿ, ಎರಡೂ ಒಟ್ಟಿಗೇ ಆಗುತ್ತಿದ್ದರೆ ಯಾಕೆ ಬೇಡ ಅನ್ನಬೇಕು?

ಮೊದಲು ಕೆಟ್ಟದ್ದು ಗಣಿತದ ಹೊಟ್ಟೆ. ನನ್ನ ಗಣಿತ ಯಾವಾಗಲೂ ಮೊದಲೇ ಕೆಡುತ್ತಿತ್ತು, ಆಶ್ಚರ್ಯವಾಗಲಿಲ್ಲ. ಹಿಕ್ಕೆ ನೀರು ನೀರು, ಅದರಲ್ಲಿ ಬಿಳಿ. ಬಾಲದ ಗರಿ ಅಂಟಿಕೊಂಡು ಪೇಂಟ್ ಮಾಡುವವನ ಬ್ರಶ್ಶಿನ ಹಾಗಾಯಿತು. ಆಮೇಲೆ ಸಮಾಜ, ಆಮೇಲೆ ಇಂಗ್ಲಿಷ್. ಜಂಬ ಎಲ್ಲ ಇಳಿದು ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತಿತು. ನೀರು ಕುಡಿದದ್ದೇ ಕುಡಿದದ್ದು. ಬೇಸಿಗೆಯ ಸೆಖೆಗೆ ಬಾಯಿ ತೆರೆದು ತೇಕುತ್ತಿದ್ದವು. ಮೊಟ್ಟೆ ಬರುವುದೇ ಕಮ್ಮಿಯಾಯಿತು, ಬಂದದ್ದಕ್ಕೆ ಚಿಪ್ಪು ಮೊದಲಿಗಿಂತಲೂ ತೆಳು.

ಅಜ್ಜಿ ಕಣ್ಣುದೃಷ್ಟಿ ಅಂದಳು. ಉಪ್ಪು ಮೆಣಸು ಹಿಡಿದು ಗೂಡಿಗೆ ನಿವಾಳಿಸಿದಳು. ಒಳಗೂ ಉಪ್ಪು, ಹೊರಗೂ ಉಪ್ಪು. ಗಣಿತವನ್ನು ಮಡಿಲಲ್ಲಿಟ್ಟುಕೊಂಡು ಅದರ ಬಾಲವನ್ನು ಬಿಸಿನೀರಿನಲ್ಲಿ ತೊಳೆಯುತ್ತಾ, ಮಾತು ನನಗೋ ಕೋಳಿಗೋ ಗೊತ್ತಾಗದ ಹಾಗೆ ಹೇಳಿದಳು. "ಕೊಳೆತ ಮೀನು ಕೊಟ್ಟಳು ಅಂತ ಯಾರೂ ಅನ್ಲಿಲ್ಲ ಈವರೆಗೆ. ಸಾಯೂ ಕಾಲಕ್ಕೆ ಒಡಕು ಮೊಟ್ಟೆ ಕೊಟ್ಟಳು ಅಂತ ಆತು."

ನಾನು ತಮಾಷೆ ಮಾಡಲು ಬಾಯಿ ತೆರೆದವಳು ಮುಚ್ಚಿದೆ. ನನ್ನ ಬಾಯಿ ತಾನಾಗಿ ಮುಚ್ಚಿದ್ದು ನಮ್ಮ ಮನೆಯಲ್ಲಿ ದೊಡ್ಡ ಘಟನೆ, ಆದರೆ ಯಾರೂ ಗಮನಿಸಲಿಲ್ಲ.

ಒಂದು ಭಾನುವಾರ ಪಶು ಆಸ್ಪತ್ರೆಯ ಡಾಕ್ಟರಮ್ಮ ಪಕ್ಕದ ಮನೆಯ ದನ ನೋಡಿ ಸ್ಕೂಟರಿನಲ್ಲಿ ವಾಪಸು ಹೋಗುತ್ತಿದ್ದರು. ಅಜ್ಜಿ ರಸ್ತೆ ನಡುವೆ ನಿಂತುಬಿಟ್ಟಳು. ಅವಳು ಹಾಗೆ ನಿಂತರೆ ಬಸ್ಸೂ ನಿಲ್ಲಬೇಕು. ಡಾಕ್ಟರಮ್ಮ ನಮ್ಮ ಹಿತ್ತಲಿಗೆ ಬಂದರು. ಅಜ್ಜಿ, ಅಮ್ಮ, ಅಪ್ಪ, ನಾನು ಸಾಲಾಗಿ ನಿಂತೆವು.

"ಇವಕ್ಕೆ ಎಂತ ಹಾಕ್ತೀರಿ?"

"ಭತ್ತ, ನುಚ್ಚು, ಸೊಪ್ಪು. ಮತ್ತೆಂತದೂ ಇಲ್ಲ," ಅಂದಳು ಅಜ್ಜಿ.

ಡಾಕ್ಟರಮ್ಮ ಒಂದು ಕಡ್ಡಿ ತೆಗೆದುಕೊಂಡು ಗೂಡಿನ ಮೂಲೆ ಕೆದಕಿ ಏನನ್ನೋ ಹೊರಗೆಳೆದರು. "ಇದೆಂತ? ಮೀನಿನ ತಲೆ ಅಲ್ಲವಾ?"

ಅಪ್ಪ ತೆಂಗಿನಮರದ ತುದಿ ನೋಡಲು ಶುರು ಮಾಡಿದ. ಅವನು ಅಷ್ಟು ಆಸಕ್ತಿಯಿಂದ ತೆಂಗಿನಕಾಯಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ತದಡಿ ತಲೆ ಅದು. ನಾ ಗುರ್ತ ಹಿಡಿತೆ," ಅಂದಳು ಅಜ್ಜಿ.

"ಮುಳ್ಳಲ್ಲಿ ಸುಣ್ಣ ಇರ್ತದಲ್ಲಾ ಅವ್ವಾ," ಅಂದ ಅಪ್ಪ ಮರಕ್ಕೆ.

"ನಿಂಗೆ ಹಾಕ್ಬೇಡ ಅಂದಿದ್ನಾ ಇಲ್ವಾ?"

"ಅವಳೂ ಹಾಕ್ತಾಳೆ. ದೋಸೆ ಹಿಟ್ಟು. ನಾ ಕಂಡಿದ್ದೆ."

ಅಮ್ಮ ಸೆರಗಿನ ತುದಿ ಸುತ್ತುತ್ತಾ, "ಬರೀ ಹಿಟ್ಟಲ್ಲ, ಮಾತ್ರೆ ಇತ್ತು ಅದ್ರಲ್ಲಿ" ಅಂದಳು, ಅದರಿಂದ ತನ್ನ ಕೇಸು ಗಟ್ಟಿಯಾಗುತ್ತದೆ ಅನ್ನುವ ಹಾಗೆ. ಆಮೇಲೆ ಅವಳ ಕಣ್ಣು ಗೂಡಿನೊಳಗಿದ್ದ ತಟ್ಟೆಯ ಮೇಲೆ ಬಿತ್ತು. ತಟ್ಟೆಯ ತಳದಲ್ಲಿ ಕಂದು ಬಣ್ಣದ ಹಾಲಿನ ಕೆನೆ ಒಣಗಿ ಅಂಟಿತ್ತು. ಅಮ್ಮ ನನ್ನ ಕಡೆ ತಿರುಗಿದಳು. ಇಲ್ಲಿಂದ ಮುಂದಿನ ಸ್ವಲ್ಪ ಭಾಗವನ್ನು ನಾನು ಬಿಟ್ಟುಬಿಡುತ್ತೇನೆ. ಕಥೆಗೆ ಅದರ ಅಗತ್ಯ ಇಲ್ಲ.

ಅಜ್ಜಿ ಮೂವರನ್ನೂ ಸೇರಿಸಿ ಬೈದು ಮುಗಿಸುವವರೆಗೆ ಡಾಕ್ಟರಮ್ಮ ಕಾದರು. ಆಮೇಲೆ ಮೆತ್ತಗೆ ಕೇಳಿದರು.

"ನೀವು ಎಂತ ಸುಣ್ಣ ಕೊಟ್ಟಿರಿ ಅಜ್ಜಿ?"

ಅಜ್ಜಿ ಸೊಂಟದಿಂದ ಕವಳದ ಡಬ್ಬಿ ತೆಗೆದು ಮುಚ್ಚಳ ತೆರೆದು ತೋರಿಸಿದಳು. ಡಾಕ್ಟರಮ್ಮ ಅದನ್ನು ನೋಡಿದರು, ಕೋಳಿ ನೋಡಿದರು, ನಮ್ಮ ಸಾಲು ನೋಡಿದರು.

"ಇವಕ್ಕೆ ದೊಡ್ಡ ರೋಗ ಎಂತದೂ ಇಲ್ಲ. ಬಳಗ ಜಾಸ್ತಿ ಆಗಿದೆ ಅಷ್ಟೆ," ಅಂದರು.

ಅಪ್ಪ ಮೊದಲು ನಕ್ಕ. ಅಜ್ಜಿ ನಗಲಿಲ್ಲ. "ಹಂಗಾರೆ ಚಿಪ್ಪು ಎಲ್ಲಿಂದ ಬರಬೇಕು ಅಮಾ? ಸುಣ್ಣ ಬೇಕು ಅಂದದ್ದು ನಿಮ್ಮ ಆಸ್ಪತ್ರೆಯವರೇ ಅಲ್ಲ?"

"ಬೇಕು. ನೀವು ಅದರ ಮೇಲೇ ನಿಂತಿದ್ದೀರಿ."

ಎಲ್ಲರೂ ಕಾಲು ನೋಡಿಕೊಂಡೆವು. ಮಳೆಗಾಲದಲ್ಲಿ ಕೆಸರಾಗಬಾರದು ಅಂತ ನಮ್ಮ ಹಿತ್ತಲಿಗೆ ಬಳಚಿನ ಚಿಪ್ಪಿ ಹಾಸಿದೆ. ಅಘನಾಶಿನಿ ಹೊಳೆಯ ಬಳಚು. ಬಾಯಿ ಮುಚ್ಚಿಕೊಂಡ ಪುಟ್ಟ ಪೆಟ್ಟಿಗೆಯ ಹಾಗಿನ ಈ ಚಿಪ್ಪುಮೀನನ್ನು ಅಪ್ಪ ತದಡಿಯಿಂದ ಬರುವಾಗಲೆಲ್ಲ ತರುತ್ತಾನೆ. ನಾವು ತಿಂದು ಚಿಪ್ಪಿಯನ್ನು ಹಿಂದೆ ಎಸೆಯುತ್ತೇವೆ. ಬರಿಗಾಲಲ್ಲಿ ಓಡಿ ನಾನು ಎಷ್ಟು ಸಲ ಹಿಮ್ಮಡಿ ಕೊಯ್ದುಕೊಂಡಿಲ್ಲ. ಮುಂಗುಸಿಯ ಕಾಟಕ್ಕೆ ಕೋಳಿಗಳನ್ನು ಬಲೆಯೊಳಗೇ ಇಟ್ಟಿದ್ದರಿಂದ ಅವು ಇತ್ತ ಬಂದದ್ದಿಲ್ಲ. ಬಂದಿದ್ದರೂ ಇಡೀ ಚಿಪ್ಪಿಯನ್ನು ನುಂಗುವ ಗಂಟಲು ಅವಕ್ಕಿಲ್ಲ.

ಡಾಕ್ಟರಮ್ಮ ಹೇಳಿದ್ದು ಬಹಳ ಸುಲಭ. ಸುಣ್ಣದ ಡಬ್ಬಿ, ಮಾತ್ರೆ, ಒಣಮೀನು, ಹಾಲು, ಎಲ್ಲ ಬಂದ್. ಸದ್ಯಕ್ಕೆ ಬರೀ ಮೆತ್ತಗಿನ ಅನ್ನ, ತಣ್ಣಗಿನ ಶುದ್ಧ ನೀರು, ನೀರಿಗೆ ಅವರು ಕೊಟ್ಟ ಪುಡಿ. ಮಧ್ಯಾಹ್ನ ಗೂಡಿಗೆ ನೆರಳು. ಸೆಖೆಗೆ ತೇಕುವ ಕೋಳಿಯ ಮೊಟ್ಟೆಗೂ ಚಿಪ್ಪು ತೆಳುವಾಗುತ್ತದಂತೆ. ಹೊಟ್ಟೆ ಸರಿಯಾದ ಮೇಲೆ ಮೊದಲಿನ ಕಾಳಿನ ಜೊತೆಗೆ ಕೋಳಿ ಆಹಾರವನ್ನೂ ತಂದು ಹಾಕಬೇಕು. ಬಳಚಿನ ಚಿಪ್ಪಿ ತೊಳೆದು, ಒಣಗಿಸಿ, ನುಚ್ಚಿನಷ್ಟು ಕುಟ್ಟಿ ಬೇರೆ ತೆಂಗಿನ ಗೆರಟೆಯಲ್ಲಿ ಇಡಬೇಕು. ಅನ್ನಕ್ಕೆ ಕಲಸಬಾರದು.

"ಕಲಸದಿದ್ರೆ ಎಷ್ಟು ತಿನ್ಬೇಕು ಅಂತ ಅವಕ್ಕೆ ಹೆಂಗೆ ಗೊತ್ತಾತದೆ?" ಅಂತ ಅಜ್ಜಿ ಕೇಳಿದಳು.

"ಅವಕ್ಕೆ ಗೊತ್ತಾಗ್ತದೆ ಅಜ್ಜಿ. ನೀವು ಯಾರೂ ಹೇಳಿಕೊಡದಿದ್ರೆ ಸಾಕು. ಮತ್ತೆ, ಎಳೇ ಕೋಳಿ ಇವು. ಮೊದಮೊದಲ ಮೊಟ್ಟೆ ಸ್ವಲ್ಪ ತೆಳು ಬರೂದೇ. ಒಂದು ವಾರದಲ್ಲಿ ಚೇತರಿಸದಿದ್ರೆ ಆಸ್ಪತ್ರೆಗೆ ತನ್ನಿ."

ಅಂದರೆ ಮೊದಲಿನದಕ್ಕೆ ಯಾರ ತಪ್ಪೂ ಇರಲಿಲ್ಲ. ಎಳೆಯವು ಕಲಿಯುತ್ತಿದ್ದವು ಅಷ್ಟೇ. ಅವನ್ನು ಕೆಡಿಸಿದ್ದು ನಮ್ಮ ಔಷಧ. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯವರು ಈ ಮಾತನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಬಹುದು ಅಂತ ನಾನು ಅಮ್ಮನಿಗೆ ಹೇಳಿದೆ. ಅಮ್ಮ ಲೋಟ ತುಂಬಾ ಹಾಲು ತಂದು ಎದುರೇ ನಿಂತಳು.

ಚಿಪ್ಪಿ ಕುಟ್ಟುವ ಕೆಲಸ ನನಗೆ ಬಂತು. ಒರಳಲ್ಲಿ ಕುಟ್ಟಲು ಅಮ್ಮ ಬಿಡಲಿಲ್ಲ, ಕಲ್ಲಿನಲ್ಲಿ ಕುಟ್ಟಿದರೆ ಚೂರೆಲ್ಲ ಹಾರಿ ಕಣ್ಣಿಗೆ ಬರುತ್ತಿತ್ತು. ಅಜ್ಜಿ ಸ್ವಲ್ಪ ಹೊತ್ತು ನೋಡಿ, ತನ್ನ ಕವಳದ ಕುಟ್ಟಾಣಿ ತಂದು ನನ್ನ ಮುಂದೆ ಇಟ್ಟಳು. ಹಲ್ಲು ಹೋದ ಮೇಲೆ ಅವಳ ಬಾಯಿಯ ಅರ್ಧ ಕೆಲಸ ಆ ಕಬ್ಬಿಣದ ಕುಟ್ಟಾಣಿಯದ್ದು. ಅದನ್ನು ಮುಟ್ಟಿದ್ದಕ್ಕೆ ನಾನು ಚಿಕ್ಕವಳಿದ್ದಾಗ ಏಟು ತಿಂದಿದ್ದೇನೆ. ಎಷ್ಟು ತೊಳೆದರೂ ಮುಂದೆ ಬಹಳ ದಿನ ಅವಳ ಕವಳದಲ್ಲಿ ಚಿಪ್ಪಿಯ ಹರಳು ಕರಕರ ಅನ್ನುತ್ತಿತ್ತು. ಅವಳು ಮುಖ ಸಿಂಡರಿಸಿ ಅಗಿದಳೇ ಹೊರತು ಕುಟ್ಟಾಣಿ ವಾಪಸು ಕೇಳಲಿಲ್ಲ.

ಗಣಿತ ಎಲ್ಲಕ್ಕಿಂತ ಸೊರಗಿದ್ದರಿಂದ ಅದನ್ನು ಬೇರೆ ಬುಟ್ಟಿಯಲ್ಲಿ ನನ್ನ ಓದುವ ಮೇಜಿನ ಕೆಳಗೆ ಇಟ್ಟೆವು. ನಾನು ಮೇಲೆ ಗಣಿತ, ಕೆಳಗೆ ಗಣಿತ ನೋಡಿಕೊಂಡಿದ್ದೆ. ಎರಡೂ ಪಾಸಾದವು. ಕೆಳಗಿನದು ಸ್ವಲ್ಪ ಹೆಚ್ಚು ಅಂಕದಲ್ಲಿ.

ಹಿಕ್ಕೆ ಗಟ್ಟಿಯಾಯಿತು. ಚಿಪ್ಪು ಒಮ್ಮೆಲೇ ಗಟ್ಟಿಯಾಗಲಿಲ್ಲ, ಒಂದು ಒಳ್ಳೆಯದು ಬಂದರೆ ಮರುದಿನ ಒರಟು, ಮತ್ತೆ ತೆಳು, ಮತ್ತೆ ಒಳ್ಳೆಯದು. ನನಗೆ ಚೆನ್ನಾಗಿ ಕಂಡ ಮೊಟ್ಟೆಯನ್ನೂ ಅಜ್ಜಿ ಕಳಿಸಲು ಬಿಡಲಿಲ್ಲ. ಎರಡು ಮೊಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ಮೆಲ್ಲಗೆ ತಾಗಿಸಿ ಕೇಳುತ್ತಿದ್ದಳು. ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಮಂಕು. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ. ನನಗೆ ಎರಡೂ ಒಂದೇ ಥರ ಕೇಳುತ್ತಿತ್ತು, ಆದರೆ ಅಜ್ಜಿ "ಕೇಳ್ತಾ?" ಅಂದಾಗಲೆಲ್ಲ ಸಂಗೀತ ಬಲ್ಲವಳ ಹಾಗೆ ತಲೆ ತೂಗುತ್ತಿದ್ದೆ.

ಬುಟ್ಟಿ ತುಂಬುವಷ್ಟು ಟಣ್ ಸೇರಿದ ದಿನ ಅಜ್ಜಿ ಒಗೆದ ಸೀರೆ ಉಟ್ಟಳು. ತೋಡಿನ ದಾರಿಯಲ್ಲಿ ಅಲ್ಲ, ನೇರ ದಾರಿಯಲ್ಲೇ ಹೋದೆವು. ಜುಲೇಖಕ್ಕ ಬಾಗಿಲಲ್ಲಿ ಮಗುವನ್ನು ಭುಜದ ಮೇಲೆ ಹಾಕಿಕೊಂಡು ತಟ್ಟುತ್ತಿದ್ದರು.

"ಎಂತ ಅಜ್ಜಿ, ದಾರಿ ಮರ್ತೇ ಹೋಗಿತ್ತಾ?"

ಅಜ್ಜಿ ಬುಟ್ಟಿ ಇಳಿಸಿದಳು. "ಕುಟ್ಟಿ ನೋಡು."

"ಇಷ್ಟು ವರ್ಷ ನಿಮ್ಮ ಮೀನು ತಗೊಂಡೆ, ಒಂದಿನ ಕಿವಿರು ಎತ್ತಿ ನೋಡ್ಲಿಲ್ಲ. ಈಗ ಮೊಟ್ಟೆ ಕುಟ್ಟಿ ನೋಡ್ಬೇಕಾ?"

"ಅವಾಗ ನೋಡ್ಲಿಲ್ಲ, ಸರಿ. ಈಗ ನೋಡು."

ಜುಲೇಖಕ್ಕ ಅಜ್ಜಿಯ ಮುಖ ನೋಡಿ, ಮಗುವನ್ನು ನನ್ನ ಕೈಗೆ ಕೊಟ್ಟು, ಮೆಟ್ಟಿಲ ಮೇಲೆ ಕೂತರು. ಒಂದೊಂದಾಗಿ ಎತ್ತಿ, ಕಿವಿಯ ಹತ್ತಿರ ಹಿಡಿದು, ಎಲ್ಲವನ್ನೂ ತಾಗಿಸಿ ನೋಡಿದರು. ಅವಸರ ಮಾಡಲಿಲ್ಲ. ಮುಗಿದ ಮೇಲೆ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು, "ಅವತ್ತು ಚೀಲದಲ್ಲಿದ್ದದ್ದು ನೆಂಟರಿಗೆ ಕೇಕು ಮಾಡೂಕೆ ತಂದದ್ದು" ಅಂದರು.

"ನಾ ಎಂತ ಕೇಳ್ದೆ?" ಅಂದಳು ಅಜ್ಜಿ. ಆಮೇಲೆ ಇಬ್ಬರೂ ಮೊಟ್ಟೆಯ ರೇಟಿಗೆ ಕೊಂಕಣಿಯಲ್ಲಿ ಜಗಳ ಶುರು ಮಾಡಿದರು. ದುಡ್ಡು ಬೇಡ ಅಂತ ಅಜ್ಜಿ, ತಗೊಳ್ಳಲೇಬೇಕು ಅಂತ ಅವರು. ಎಲ್ಲ ಸರಿಹೋಯಿತು ಅಂತ ನನಗೆ ಗೊತ್ತಾದದ್ದು ಆವಾಗ.

ಇದಾಗಿ ಎರಡು ವರ್ಷ ಆಗುತ್ತಾ ಬಂತು. ಈಗ ನಾನು ಹೊನ್ನಾವರದಲ್ಲಿ ಪಿಯುಸಿ. ಗಣಿತ ನನ್ನನ್ನು ಬಿಟ್ಟಿದೆ, ಹಿತ್ತಲಿನದು ಇನ್ನೂ ಇದೆ. ಕೈಯಲ್ಲಿದ್ದ ಮೊಟ್ಟೆಯನ್ನು ತಿರುಗಿಸಿ ನೋಡಿದೆ. ಕಂದು, ನುಣುಪು, ಕಾವಲಿಗೆ ಕುಟ್ಟಿದ ಗುರುತೂ ಇಲ್ಲ. ಒಂದು ಕಾಲದಲ್ಲಿ ಅಜ್ಜಿಗೆ ಕಾಣದ ಹಾಗೆ ಇಂಥದ್ದನ್ನೇ ಆರಿಸಿ ತಿನ್ನುತ್ತಿದ್ದೆ. ಇವತ್ತು ಅದನ್ನು ಇನ್ನೊಂದಕ್ಕೆ ತಾಗಿಸಿ ಕೇಳಿ, ಜುಲೇಖಕ್ಕನ ಬುಟ್ಟಿಯಲ್ಲಿಟ್ಟೆ. ಮನೆಯ ಬುಟ್ಟಿಯಿಂದ ಒಂದು ಒರಟು ಮೊಟ್ಟೆ ತೆಗೆದು ಕುಟ್ಟಿದೆ. ಒಂದೇ ಏಟಿಗೆ ಒಡೆಯಿತು. ಆಮ್ಲೆಟ್ ಆಮ್ಲೆಟ್ಟೇ, ರುಚಿಯಲ್ಲಿ ವ್ಯತ್ಯಾಸ ಎಂತದೂ ಇರಲಿಲ್ಲ.

ಕಾಲೇಜಿನ ಬಸ್ಸಿಗೆ ಹೋಗುವಾಗ ಬುಟ್ಟಿ ಕೊಡುವುದು ನನ್ನ ಕೆಲಸ. ಸಮೀನಾ ಮಗನನ್ನು ಕರೆದುಕೊಂಡು ತವರಿಗೆ ಬಂದಿದ್ದಾಳೆ. ಅವನು ಬಾಗಿಲಿಗೇ ಓಡಿ ಬಂದು ಬುಟ್ಟಿಗೆ ಕೈ ಹಾಕಿ, ಒಂದು ಮೊಟ್ಟೆ ಎತ್ತಿ, ಅಜ್ಜಿಯ ಹತ್ತಿರ ಕಂಡಿದ್ದನೋ ಏನೋ, ಕಿವಿಗೆ ಒತ್ತಿ ಹಿಡಿದ. ಒಂದೇ ಮೊಟ್ಟೆ, ತಾಗಿಸಲು ಇನ್ನೊಂದಿಲ್ಲ. ಕೇಳುವುದಕ್ಕೆ ಅದರಲ್ಲಿ ಏನೂ ಇಲ್ಲ. ಆದರೂ ಕಣ್ಣು ಮುಚ್ಚಿ, ಎಲ್ಲ ಕೇಳಿಸಿತು ಅನ್ನುವ ಹಾಗೆ ತಲೆ ತೂಗಿದ.

ನಾನೂ ತೂಗಿದೆ.